ಒಂದು ಸಂಜೆ, ಒಂದು ಆಂಟಿವೈರಸ್, ಎರಡು ಬ್ರೌಸರ್

ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಒಮ್ಮೆ ಲೆಕ್ಕ ಹಾಕಿ. ಕೆಇಎ ಅರ್ಜಿಯ ಪಿಡಿಎಫ್, ವಿಟಿಯು ಪ್ರಾಜೆಕ್ಟ್ ರಿಪೋರ್ಟ್, ಆಫೀಸಿನ ಎಕ್ಸೆಲ್ ಶೀಟು, ಅಪ್ಪನ ಪೆನ್ಷನ್ ಖಾತೆಯ ಲಾಗಿನ್, ತಂಗಿಯ ಮಾರ್ಕ್ಸ್ ಕಾರ್ಡಿನ ಸ್ಕ್ಯಾನು. ನಿಮ್ಮ ಕೆರಿಯರ್‌ನ ಅರ್ಧ ಪಾಲು ಅಲ್ಲೇ ಕೂತಿದೆ. ಅದನ್ನು ಕಾಯಲು ಯಾವ ಸಾಫ್ಟ್‌ವೇರ್ ಬೇಕು ಎಂದು ತೀರ್ಮಾನಿಸಲು ತಿಂಗಳುಗಟ್ಟಲೆ ರಿವ್ಯೂ ವಿಡಿಯೋ ನೋಡಬೇಕಿಲ್ಲ. ಒಂದು ಶನಿವಾರ ಸಂಜೆ ಸಾಕು. ಟೀ ಮಾಡಿಕೊಳ್ಳಿ, ಚಾರ್ಜರ್ ಸಿಕ್ಕಿಸಿ, ಶುರು ಮಾಡಿ.

1. "ಬೆಸ್ಟ್ ಯಾವುದು?" ಎಂದು ಕೇಳುವುದನ್ನು ನಿಲ್ಲಿಸಿ

ಆ ಪ್ರಶ್ನೆ ಕೆಲಸ ಮುಂದೂಡುವವರ ನೆಚ್ಚಿನ ಪ್ರಶ್ನೆ. ಹೆಸರು ಮಾಡಿದ ಆಂಟಿವೈರಸ್‌ಗಳ ನಡುವೆ ಲ್ಯಾಬ್ ಪರೀಕ್ಷೆಗಳಲ್ಲಿ ಕಾಣುವ ಅಂತರ ಬಹಳ ಸಣ್ಣದು. "ನನ್ನ ಮೆಷಿನ್‌ಗೆ, ನನ್ನ ಕೆಲಸಕ್ಕೆ ಯಾವುದು ಸಾಕು?" ಎಂದು ಕೇಳಿ. ಉತ್ತರ ಬೇಗ ಸಿಗುತ್ತದೆ.

ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದು, ದಿನಾ "ರಿನ್ಯೂ ನೌ" ಎಂದು ಗೋಗರೆಯುತ್ತಿದೆಯೇ? ಹಣ ಕಟ್ಟಿ, ಇಲ್ಲವೇ ಕಿತ್ತುಹಾಕಿ. ನಡುವೆ ತೂಗಾಡಬೇಡಿ. ಅವಧಿ ಮುಗಿದ ಆಂಟಿವೈರಸ್ ಡಿಸ್ಕಿನಲ್ಲಿ ಜಾಗ ತಿನ್ನುತ್ತದೆ, ಹೊಸ ವೈರಸ್ಸುಗಳ ಪಟ್ಟಿಯನ್ನು ಮಾತ್ರ ತರಿಸಿಕೊಳ್ಳುವುದಿಲ್ಲ.

2. ಆಂಟಿವೈರಸ್‌ಗಿಂತ ಮೊದಲು ವಿಂಡೋಸ್ ನೋಡಿ

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಡಬ್ಲ್ಯೂ-ಐ-ಎನ್-ವಿ-ಇ-ಆರ್ ಎಂದು ಟೈಪ್ ಮಾಡಿ, ಎಂಟರ್ ಹೊಡೆಯಿರಿ. ನಿಮ್ಮ ವಿಂಡೋಸ್ ಯಾವ ಆವೃತ್ತಿ ಎಂದು ಅಲ್ಲೇ ಗೊತ್ತಾಗುತ್ತದೆ.

ವಿಂಡೋಸ್ 10 ಎಂದು ಬಂದರೆ ಅದನ್ನು ಬಿಟ್ಟು ಮೇಲೇರುವುದೇ ಈ ಸಂಜೆಯ ಮೊದಲ ಕೆಲಸ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ ಕೊಟ್ಟಿತಾದರೂ ಅದು ಉಸಿರಾಡಲು ಸಿಕ್ಕ ಬಿಡುವು ಅಷ್ಟೇ. ಇಲ್ಲೊಂದು ಗೊಂದಲವಿದೆ, ಬಿಡಿಸಿಕೊಳ್ಳಿ: ವಿಂಡೋಸ್ 10ರೊಳಗಿನ ಆಂಟಿವೈರಸ್ ಡಿಫೆಂಡರ್‌ಗೆ ಹೊಸ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ. ಅದನ್ನು ನೋಡಿ "ಎಲ್ಲ ಸರಿಯಾಗಿದೆಯಲ್ಲ" ಎಂದುಕೊಳ್ಳಬೇಡಿ. ಪಟ್ಟಿ ಹೊಸದಾಗುತ್ತದೆ, ವಿಂಡೋಸ್‌ನೊಳಗಿನ ತೂತು ಹಾಗೇ ಇರುತ್ತದೆ.

ತೂತು ಮುಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ವಾನಾಕ್ರೈ ನೋಡಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಆ ರಾನ್ಸಮ್‌ವೇರ್ ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಬಿಟ್ಟಿತ್ತು. ದಾಳಿ ನಡೆದದ್ದು ಮೇ ತಿಂಗಳಲ್ಲಿ. ನಡುವೆ ಎರಡು ತಿಂಗಳಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸೇರಿ ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳು ಸಿಕ್ಕಿಬಿದ್ದವು. "ರಿಮೈಂಡ್ ಮಿ ಲೇಟರ್" ಒತ್ತುವ ಬೆರಳಿಗೆ ಇದನ್ನು ನೆನಪಿಸಿ. ಮೈಕ್ರೋಸಾಫ್ಟ್ ತನ್ನ ಮುಖ್ಯ ಅಪ್‌ಡೇಟ್‌ಗಳನ್ನು ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ನಮ್ಮಲ್ಲಿ ಆಗ ರಾತ್ರಿ. ಬುಧವಾರ ಊಟಕ್ಕೆ ಏಳುವಾಗ ರೀಸ್ಟಾರ್ಟ್ ಒತ್ತಿ ಏಳಿ. ಆಗ ಆನ್‌ಲೈನ್ ಇಂಟರ್‌ವ್ಯೂ ನಡುವೆ ನೀಲಿ ಪರದೆಯಲ್ಲಿ ಚಕ್ರ ತಿರುಗುತ್ತಾ ಕೂರುವುದಿಲ್ಲ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಿಮ್ಮ ಮೆಷಿನ್ ಅದಕ್ಕಿಂತ ಹಳೆಯದೇ? ಲಿನಕ್ಸ್ ಮಿಂಟ್ ಅಥವಾ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿ ನೋಡಿ, ಎರಡೂ ಉಚಿತ. "ಕನ್ನಡ ಟೈಪಿಂಗ್ ಹೇಗೆ?" ಎಂಬ ಹಿಂಜರಿಕೆ ಬೇಡ. ನುಡಿ ಸಾಫ್ಟ್‌ವೇರ್‌ನಲ್ಲಿ ನೀವು ರೂಢಿಸಿಕೊಂಡ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ.

3. ಮನೆಯಲ್ಲಿ ಇರುವುದನ್ನೇ ಮೊದಲು ಎಬ್ಬಿಸಿ

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಮೈಕ್ರೋಸಾಫ್ಟ್ ಡಿಫೆಂಡರ್ ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ವಿಂಡೋಸ್ ಜೊತೆಗೇ ಬರುತ್ತಿದೆ. "ಫ್ರೀ ಸಿಗೋದು ದಂಡ" ಎನ್ನುವವರ ಮಾತು ಹಳೆಯದಾಯಿತು. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿರುವ ಎವಿ-ಕಂಪ್ಯಾರಟಿವ್ಸ್ ಎಂಬ ಸ್ವತಂತ್ರ ಲ್ಯಾಬ್‌ಗಳು ವರ್ಷಗಳಿಂದ ಇದನ್ನೂ ದುಡ್ಡು ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಲ್ಲಿಸಿ ಪರೀಕ್ಷಿಸುತ್ತಿವೆ. ಮೊದಮೊದಲು ಹಿಂದೆ ಬೀಳುತ್ತಿದ್ದ ಡಿಫೆಂಡರ್ ಈಗ ಮುಂದಿನ ಸಾಲಿಗೆ ಬಂದಿದೆ.

ಸ್ಟಾರ್ಟ್ ಮೆನುವಿನಲ್ಲಿ "ವಿಂಡೋಸ್ ಸೆಕ್ಯುರಿಟಿ" ಹುಡುಕಿ ತೆರೆಯಿರಿ. "ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್" ಒಳಗೆ "ಮ್ಯಾನೇಜ್ ಸೆಟ್ಟಿಂಗ್ಸ್" ಒತ್ತಿ. ರಿಯಲ್ ಟೈಮ್, ಕ್ಲೌಡ್ ಡೆಲಿವರ್ಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಈಗ ಪುಟದ ಕೆಳತುದಿಗೆ ಇಳಿಯಿರಿ. ಅಲ್ಲಿ "ಎಕ್ಸ್‌ಕ್ಲೂಷನ್ಸ್" ಎಂಬುದಿದೆ. ಬಹಳ ಜನ ಇಲ್ಲಿಯವರೆಗೆ ಬರುವುದೇ ಇಲ್ಲ. ಡಿಫೆಂಡರ್ ಕಣ್ಣು ಹಾಯಿಸಬಾರದು ಎಂದು ಯಾರೋ ಹೇಳಿಟ್ಟ ಫೋಲ್ಡರ್‌ಗಳ ಪಟ್ಟಿ ಅದು. ಕ್ರ್ಯಾಕ್ ಮಾಡಿದ ವಿಂಡೋಸ್ ಅಥವಾ ಆಫೀಸ್ ಹಾಕಿಕೊಡುವವರು ತಮ್ಮ ಆಕ್ಟಿವೇಟರ್ ಸಿಕ್ಕಿಬೀಳದಿರಲಿ ಎಂದು ಅದರ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ, ಇಲ್ಲಿ ಸೇರಿಸಿ ಹೋಗಿರುತ್ತಾರೆ. ನೀವು ಸೇರಿಸಿಲ್ಲದ ಹೆಸರು ಏನೇ ಇರಲಿ, ತೆಗೆದುಹಾಕಿ. ಆಮೇಲೆ ಫುಲ್ ಸ್ಕ್ಯಾನ್ ಓಡಿಸಿ.

ಇನ್ನೊಂದು ಸ್ವಿಚ್: "ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್" ಒಳಗಿನ "ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್". ವೈರಸ್ ಅಲ್ಲದ, ಆದರೆ ಟೂಲ್‌ಬಾರ್, ಡ್ರೈವರ್ ಅಪ್‌ಡೇಟರ್, "ಪಿಸಿ ಬೂಸ್ಟರ್" ಎಂದು ಒಳನುಗ್ಗುವ ಕಸವನ್ನು ಇದು ತಡೆಯುತ್ತದೆ. ಆನ್ ಮಾಡಿ.

ಎಲ್ಲ ಕೆಲಸ ಮಾಡುತ್ತಿದೆಯೇ ಎಂಬ ಅನುಮಾನವಿದ್ದರೆ ಪರೀಕ್ಷೆ ಮಾಡಿ. ಐಕಾರ್ ಟೆಸ್ಟ್ ಫೈಲ್ ಎಂಬುದೊಂದಿದೆ. 68 ಅಕ್ಷರಗಳ ನಿರುಪದ್ರವಿ ಫೈಲ್; ಆದರೂ ಆಂಟಿವೈರಸ್‌ಗಳು ಅದನ್ನು ಕಂಡೊಡನೆ ಕೂಗಬೇಕು ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ರೂಢಿ. ಐಕಾರ್ ಸಂಸ್ಥೆಯ ಸ್ವಂತ ತಾಣದಿಂದ ಡೌನ್‌ಲೋಡ್ ಮಾಡಿ. ಡಿಫೆಂಡರ್ ಕೂಗಿತೇ? ಮುಂದಕ್ಕೆ ಹೋಗಿ.

4. ಒಂದೇ ಸಾಕು

ಎರಡು ಆಂಟಿವೈರಸ್ ಹಾಕಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ಒಂದೇ ಫೈಲನ್ನು ಎರಡೂ ಹಿಡಿದು ಎಳೆದಾಡುತ್ತವೆ, ಮೆಷಿನ್ ನರಳುತ್ತದೆ. ಬೇರೆ ಆಂಟಿವೈರಸ್ ಹಾಕಿದೊಡನೆ ಡಿಫೆಂಡರ್ ತಾನಾಗಿಯೇ ಪಕ್ಕಕ್ಕೆ ಸರಿಯುವುದೂ ಇದಕ್ಕೇ. ಇಂಥ ಸಾಫ್ಟ್‌ವೇರ್ ಸಿಸ್ಟಮ್‌ನ ಎಷ್ಟು ಆಳದಲ್ಲಿ ಕೂರುತ್ತದೆ ಎಂಬುದು 2024ರ ಜುಲೈ 19ರಂದು ಎಲ್ಲರಿಗೂ ತಿಳಿಯಿತು. ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು.

5. ದುಡ್ಡು ಕೊಡುವುದಾದರೆ ಕಾರಣ ಇಟ್ಟುಕೊಂಡು ಕೊಡಿ

ಒಬ್ಬರೇ ಬಳಸುವ, ವಿಂಡೋಸ್ 11 ಇರುವ, ಕ್ರ್ಯಾಕ್ ಸಾಫ್ಟ್‌ವೇರ್ ಮುಟ್ಟದ ವಿದ್ಯಾರ್ಥಿ ನೀವಾದರೆ ಕೊಳ್ಳಬೇಡಿ. ನನ್ನ ಸಲಹೆ ಇದು: ಆ ಹಣವನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿ.

ಕೊಳ್ಳಲು ಒಳ್ಳೆಯ ಕಾರಣಗಳೂ ಇವೆ. ಮನೆಯಲ್ಲಿ ಮೂರು ನಾಲ್ಕು ಮೆಷಿನ್ ಇವೆ, ಎಲ್ಲವನ್ನೂ ಒಂದೇ ಕಡೆಯಿಂದ ನೋಡಬೇಕು. ಮಕ್ಕಳಿಗೆ ಪೇರೆಂಟಲ್ ಕಂಟ್ರೋಲ್ ಬೇಕು. ನೀವಿರುವುದು ಪುಣೆಯಲ್ಲಿ, ಅಪ್ಪ ಅಮ್ಮ ಇರುವುದು ಶಿರಸಿಯಲ್ಲಿ. ಏನಾದರೂ ಆದರೆ ಅವರು ಫೋನ್ ಮಾಡಿ ಕೇಳಲು ಒಬ್ಬರು ಬೇಕು. ಹಾಗಿದ್ದರೆ ಸಪೋರ್ಟ್ ಹತ್ತಿರ ಸಿಗುವುದನ್ನೇ ಆರಿಸಿ. ಕ್ವಿಕ್ ಹೀಲ್ ಪುಣೆಯದು, ಕೆ7 ಚೆನ್ನೈಯದು. ಹೊರದೇಶದ್ದಾದರೆ ರೊಮೇನಿಯಾದ ಬಿಟ್‌ಡಿಫೆಂಡರ್, ಸ್ಲೊವಾಕಿಯಾದ ಈಸೆಟ್ ಹಳಬರು. ಲ್ಯಾಪ್‌ಟಾಪಿನಲ್ಲಿ ಅಮೆರಿಕದ ಕ್ಲೈಂಟ್ ಕೆಲಸ ಮಾಡುವವರು ಒಂದು ವಿಷಯ ಗಮನಿಸಿ: ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು. ನಮ್ಮ ದೇಶಕ್ಕೆ ಆ ಆದೇಶ ಅನ್ವಯಿಸುವುದಿಲ್ಲ, ಕ್ಲೈಂಟ್‌ನ ಪಾಲಿಸಿ ಅನ್ವಯಿಸಬಹುದು. ಮೊದಲೇ ಕೇಳಿ.

ಜಾಹೀರಾತಿನ ಬದಲು ಲ್ಯಾಬ್ ವರದಿ ಓದಿ. ಎವಿ-ಟೆಸ್ಟ್ ಮೂರು ವಿಷಯಕ್ಕೆ ತಲಾ 6 ಅಂಕ ಕೊಡುತ್ತದೆ: ರಕ್ಷಣೆ, ವೇಗ, ಬಳಕೆಯ ಸಲೀಸು. ಒಟ್ಟು 18. ನಿಮ್ಮದು 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಆದರೆ ಎರಡನೇ ಅಂಕಣವನ್ನು ಮೊದಲು ನೋಡಿ. ಮೆಷಿನ್ ಆಮೆಯಾದರೆ ಬೇಸತ್ತು ನೀವೇ ಆಂಟಿವೈರಸ್ ಆಫ್ ಮಾಡುತ್ತೀರಿ.

ಮೊದಲ ವರ್ಷದ ಆಫರ್ ಬೆಲೆ ನೋಡಿ ಕುಣಿಯಬೇಡಿ, ಎರಡನೇ ವರ್ಷದ ಬೆಲೆ ಹುಡುಕಿ. ಆಟೋ ರಿನ್ಯೂವಲ್ ಟಿಕ್ ತೆಗೆಯಿರಿ. ಟಿಕ್ ಉಳಿದುಬಿಟ್ಟರೂ, ರಿಸರ್ವ್ ಬ್ಯಾಂಕ್ ನಿಯಮದಂತೆ ಇ-ಮ್ಯಾಂಡೇಟ್ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಬೇಕು. ಆ ಮೆಸೇಜನ್ನು ಸ್ಪ್ಯಾಮ್ ಎಂದು ಸರಿಸದೆ ಓದಿ.

6. ಉಚಿತ ಆಂಟಿವೈರಸ್‌ಗೆ ಏನು ಕೊಡುತ್ತಿದ್ದೀರಿ ಎಂದು ಕೇಳಿ

ಹಣ ಪಡೆಯದ ಕಂಪನಿ ಇನ್ನೇನನ್ನೋ ಪಡೆಯುತ್ತಿರಬಹುದು. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಜಂಪ್‌ಶಾಟ್ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಇನ್‌ಸ್ಟಾಲ್ ಮಾಡುವಾಗ "ನೆಕ್ಸ್ಟ್, ನೆಕ್ಸ್ಟ್" ಒತ್ತಬೇಡಿ, "ಕಸ್ಟಮ್" ಆರಿಸಿ. ಡೇಟಾ ಹಂಚಿಕೆಯ ಟಿಕ್ ಎಲ್ಲಿ ಅಡಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

7. ಬ್ರೌಸರ್ ಎರಡಿರಲಿ

ಇಡೀ ಸಂಜೆಯಲ್ಲಿ ಅತಿ ಹೆಚ್ಚು ಲಾಭ ತರುವ ಹೆಜ್ಜೆ ಇದು. ಇವತ್ತು ಅಪಾಯ ಮನೆಯ ಕಂಪ್ಯೂಟರಿಗೆ ಹೆಚ್ಚಾಗಿ ಬರುವುದು ಬ್ರೌಸರ್ ದಾರಿಯಲ್ಲೇ: ನಕಲಿ ಡೌನ್‌ಲೋಡ್ ಬಟನ್, ನಕಲಿ ಬ್ಯಾಂಕ್ ಪುಟ, ಕದ್ದ ಲಾಗಿನ್. ಆದ್ದರಿಂದ ಕೆಲಸಕ್ಕೊಂದು, ಸುತ್ತಾಟಕ್ಕೊಂದು ಬ್ರೌಸರ್ ಇಡಿ.

ಕೆಲಸದ ಬ್ರೌಸರ್‌ನಲ್ಲಿ ಬ್ಯಾಂಕು, ಆಫೀಸ್ ಮೇಲ್, ಸೇವಾ ಸಿಂಧು, ಡಿಜಿಲಾಕರ್, ಪರೀಕ್ಷಾ ಅರ್ಜಿ ಮಾತ್ರ. ಎಕ್ಸ್‌ಟೆನ್ಶನ್ ಒಂದೂ ಬೇಡ. ಎಡ್ಜ್ ಅಥವಾ ಕ್ರೋಮ್ ಆಗಬಹುದು. ರ‍್ಯಾಮ್ ಕಡಿಮೆಯಿದ್ದರೆ ಎಡ್ಜ್ ಇಟ್ಟುಕೊಳ್ಳಿ: ಅದು ಈಗಾಗಲೇ ಮೆಷಿನ್‌ನಲ್ಲಿದೆ, ಬಳಸದ ಟ್ಯಾಬ್‌ಗಳನ್ನು ತಾನೇ ಮಲಗಿಸುತ್ತದೆ.

ಸುತ್ತಾಟದ ಬ್ರೌಸರ್‌ನಲ್ಲಿ ಕ್ರಿಕೆಟ್ ಸ್ಕೋರು, ಸಿನಿಮಾ, ನೋಟ್ಸ್ ಹುಡುಕಾಟ, ಗೊತ್ತಿಲ್ಲದ ಲಿಂಕು ಎಲ್ಲ. ಇದಕ್ಕೆ ಫೈರ್‌ಫಾಕ್ಸ್ ಆರಿಸಿ. ಕಾರಣವಿದೆ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಹೆಸರು ಐದಾದರೂ ಎಲ್ಲದರ ಬುನಾದಿ ಗೂಗಲ್ ಬೆಳೆಸಿದ ಕ್ರೋಮಿಯಂ. ಮೋಜಿಲ್ಲಾದ ಫೈರ್‌ಫಾಕ್ಸ್‌ಗೆ ಗೆಕ್ಕೋ ಎಂಬ ಸ್ವಂತ ಎಂಜಿನ್ ಇದೆ. ಜೊತೆಗೆ, ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಕ್ರೋಮ್‌ನಲ್ಲಿ 2025ರಿಂದ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್‌ನ ಹಗುರ ಆವೃತ್ತಿ ಮಾತ್ರ ಉಳಿದಿದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ಆವೃತ್ತಿಯೇ ನಡೆಯುತ್ತದೆ. ನಕಲಿ "ಡೌನ್‌ಲೋಡ್" ಬಟನ್‌ಗಳಲ್ಲಿ ಬಹುಪಾಲು ಜಾಹೀರಾತುಗಳೇ. ಅವೇ ಕಾಣದಿದ್ದರೆ ಒತ್ತುವ ಪ್ರಶ್ನೆಯೇ ಇಲ್ಲ.

ಬ್ರೌಸರ್ ಇಳಿಸಿಕೊಳ್ಳಲು ಹುಡುಕಿದಾಗ ಮೊದಲು ಕಾಣುವುದು ಜಾಹೀರಾತಾಗಿರಬಹುದು, ಒತ್ತಬೇಡಿ. ಫೈರ್‌ಫಾಕ್ಸ್ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಸಿಗುತ್ತದೆ. ಕ್ರೋಮ್‌ನ ಬಲತುದಿಯಲ್ಲಿ "ರೀಲಾಂಚ್ ಟು ಅಪ್‌ಡೇಟ್" ಎಂದು ಕಂಡ ದಿನವೇ ಒತ್ತಿ. ತೆರೆದ ಟ್ಯಾಬ್‌ಗಳು ಮರಳಿ ಬರುತ್ತವೆ, ಹೆದರಬೇಡಿ. ಇನ್‌ಕಾಗ್ನಿಟೊ ಮೋಡ್ ರಕ್ಷಣೆ ಎಂದುಕೊಂಡವರು ಆ ನಂಬಿಕೆ ಬಿಡಿ. ಅದು ನಿಮ್ಮ ಮನೆಯವರಿಂದ ಹಿಸ್ಟರಿ ಮುಚ್ಚಿಡುತ್ತದೆ, ವೈರಸ್‌ನಿಂದ ಕಾಪಾಡುವುದಿಲ್ಲ.

ಮನೆಮಂದಿಯೆಲ್ಲ ಒಂದೇ ಲಾಗಿನ್ ಬಳಸುತ್ತೀರಾ? ತಕ್ಷಣ ಬದಲಿಸಿ. ಎಲ್ಲರಿಗೂ ಬೇರೆ ಬೇರೆ ವಿಂಡೋಸ್ ಅಕೌಂಟ್ ಮಾಡಿ. ತಮ್ಮನದು "ಸ್ಟ್ಯಾಂಡರ್ಡ್ ಯೂಸರ್" ಆಗಿರಲಿ. ಅವನು ಇಳಿಸಿಕೊಂಡ ಯಾವುದೋ ಗೇಮ್ ಮಾಡ್ ಸಿಸ್ಟಮ್ ಬದಲಿಸಹೊರಟರೆ ಅಡ್ಮಿನ್ ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ.

8. ಎಕ್ಸ್‌ಟೆನ್ಶನ್ ಪಟ್ಟಿಗೆ ಕತ್ತರಿ ಹಾಕಿ

ಕಳೆದ ತಿಂಗಳು ಬಳಸದ್ದನ್ನೆಲ್ಲ ತೆಗೆಯಿರಿ. ಒಳ್ಳೆಯ ಎಕ್ಸ್‌ಟೆನ್ಶನ್ ಕೂಡ ಕೈ ಬದಲಾದರೆ ಕೆಡುತ್ತದೆ. ಟ್ಯಾಬ್‌ಗಳನ್ನು ಮಲಗಿಸುವ "ದ ಗ್ರೇಟ್ ಸಸ್ಪೆಂಡರ್" ಅಪಾರ ಜನಪ್ರಿಯವಾಗಿತ್ತು. ಮೂಲ ಲೇಖಕ ಅದನ್ನು ಮಾರಿದ, ಕೊಂಡವರು ಹೊಸ ಕೋಡ್ ತುರುಕಿದರು, 2021ರಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಕಿತ್ತುಹಾಕಿತು.

9. ನೋಟಿಫಿಕೇಶನ್ ಬಾಗಿಲು ಮುಚ್ಚಿ

ಮನೆ ಮನೆಯಲ್ಲಿ ಕಾಣುವ ದೃಶ್ಯ: ಪರದೆಯ ಬಲ ಮೂಲೆಯಲ್ಲಿ ಕೆಂಪು ಚೌಕ ಚಿಮ್ಮುತ್ತದೆ. "ನಿಮ್ಮ ಪಿಸಿಯಲ್ಲಿ ವೈರಸ್ ಇದೆ, ಆಂಟಿವೈರಸ್ ಅವಧಿ ಮುಗಿದಿದೆ" ಎನ್ನುತ್ತದೆ. ಮುಚ್ಚಿದರೆ ಇನ್ನೊಂದು. ಅಮ್ಮ ಗಾಬರಿಯಾಗಿ ಫೋನ್ ಮಾಡುತ್ತಾರೆ. ಫುಲ್ ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ. ಹೇಗೆ ಸಿಗುತ್ತದೆ? ಅದು ವೈರಸ್ಸೇ ಅಲ್ಲ. ಎಂದೋ ಒಂದು ತಾಣ "ರೋಬಾಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎಂದಿತ್ತು, ಯಾರೋ ಒತ್ತಿದ್ದರು. ಅಂದಿನಿಂದ ಆ ತಾಣಕ್ಕೆ ನಿಮ್ಮ ಪರದೆಯ ಮೇಲೆ ಜಾಹೀರಾತು ತೂರುವ ಪರವಾನಗಿ.

ಸೂಕ್ಷ್ಮವಾಗಿ ನೋಡಿ: ಆ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಬ್ರೌಸರ್ ಹೆಸರು, ತಾಣದ ವಿಳಾಸ ಎರಡೂ ಇರುತ್ತವೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. "ಅಲೋ" ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನು ಅಳಿಸಿ. ಇನ್ನು ಮುಂದೆ ಯಾರೂ ಕೇಳಲೇಬಾರದು ಎಂಬ ಆಯ್ಕೆಯೂ ಅಲ್ಲೇ ಇದೆ, ಅದನ್ನೇ ಇಡಿ. ಚೌಕದಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡಬೇಡಿ. ವೈರಸ್ ಸಿಕ್ಕಾಗ ಯಾವ ಆಂಟಿವೈರಸ್ಸೂ "ಫೋನ್ ಮಾಡಿ" ಎನ್ನುವುದಿಲ್ಲ, ತಾನೇ ಹಿಡಿದು ಹಾಕುತ್ತದೆ.

10. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕೆಂದು ಹಟ ಹಿಡಿಯುವ ತಾಣ ಸಿಕ್ಕರೆ

ಹಳೆಯ ಫೈಲ್ ಹುಡುಕಿ ಇನ್‌ಸ್ಟಾಲ್ ಮಾಡಬೇಡಿ. ಅದರ ಕಾಲ 2022ರ ಜೂನ್‌ನಲ್ಲಿ ಮುಗಿಯಿತು. ಎಡ್ಜ್‌ನಲ್ಲೇ ಐಇ ಮೋಡ್ ಇದೆ, ಕನಿಷ್ಠ 2029ರವರೆಗೆ ಉಳಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಆ ಒಂದು ತಾಣಕ್ಕೆ ಮಾತ್ರ ಬಳಸಿ.

11. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯಬೇಡಿ

ರೆಸ್ಯೂಮೆ ಪ್ರಿಂಟ್ ಹಾಕಿಸಿ ಬಂದು ಪೆನ್‌ಡ್ರೈವ್ ಚುಚ್ಚಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ, ಪ್ರತಿಯೊಂದರ ಮೂಲೆಯಲ್ಲೂ ಸಣ್ಣ ಬಾಣದ ಗುರುತು. ನಿಮ್ಮ ಫೈಲ್ ಅಳಿಸಿಹೋಗಿಲ್ಲ. ವೈರಸ್ ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಒಂದನ್ನೂ ತೆರೆಯಬೇಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಮರೆಯಾದ ಫೈಲ್ ತೋರಿಸುವಂತೆ ಇಟ್ಟು, "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಟಿಕ್ ತೆಗೆದರೆ ನಿಮ್ಮ ಫೋಲ್ಡರ್ ಮಸುಕಾಗಿ ಕಾಣುತ್ತದೆ. ಒಳಗಿನ ಡಾಕ್ಯುಮೆಂಟುಗಳನ್ನು ಬೇರೆಡೆ ನಕಲಿಸಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಮುಂದಿನ ಸಲ ಪಿಡಿಎಫ್ ಒಂದನ್ನೇ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡಿ. ಹಾಗೆಂದು ಆಧಾರ್ ಕಾರ್ಡನ್ನು ಇಡಿಯಾಗಿ ಕಳಿಸಿ ಬರಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವ ಕಡೆ ಅದನ್ನೇ ಕೊಡಿ. ಪ್ರಿಂಟ್ ಬಂದ ಮೇಲೆ "ಅಣ್ಣಾ, ಫೈಲ್ ಡಿಲೀಟ್ ಮಾಡ್ಬಿಡಿ" ಎಂದು ನಿಂತು ಹೇಳಿ, ನಾಚಿಕೆ ಬೇಡ.

12. ಬ್ಯಾಕಪ್ ಇವತ್ತೇ

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ರಾನ್ಸಮ್‌ವೇರ್ ಬಂದ ಮೇಲೆ ಬ್ಯಾಕಪ್ ಯೋಚಿಸುವವರಿಗೆ ಬೇರೆ ಗಾದೆ ಬೇಕಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲು ಮಾಡಿ, ಕೂಡಲೇ ಕೇಬಲ್ ಕೀಳಿ. ಸಿಕ್ಕಿಸಿಯೇ ಇಟ್ಟ ಡಿಸ್ಕನ್ನೂ ರಾನ್ಸಮ್‌ವೇರ್ ಬೀಗ ಹಾಕುತ್ತದೆ.

13. ಪೆಟ್ಟು ಬಿದ್ದರೆ ಈ ಕ್ರಮದಲ್ಲಿ ಓಡಿ

ಖಾತೆಯಿಂದ ಹಣ ಹೋಯಿತೇ? ಯೋಚಿಸುತ್ತಾ ಕೂರದೆ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಅವಕಾಶ ಹೆಚ್ಚು. ಬ್ಯಾಂಕಿಗೂ ತಿಳಿಸಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ.

ಆಮೇಲೆ ಮೆಷಿನ್ ಕಡೆ ತಿರುಗಿ. ವೈಫೈ ಆಫ್ ಮಾಡಿ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ "ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್" ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ವಿಂಡೋಸ್ ಓಡುವಾಗ ಅಡಗಿ ಕೂರುವಂಥವು ಆಗ ಸಿಗುತ್ತವೆ.

ಅದು ಮುಗಿಯುವವರೆಗೆ ಆ ಕೀಬೋರ್ಡಿನಲ್ಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ. ಬೇರೆ ಫೋನಿನಿಂದ ಬದಲಿಸಿ. ಮೊದಲು ಇಮೇಲ್‌ದು, ಯಾಕೆಂದರೆ ಉಳಿದೆಲ್ಲದರ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ. ಬದಲಿಸಿದೊಡನೆ "ಸೈನ್ ಔಟ್ ಆಫ್ ಆಲ್ ಡಿವೈಸಸ್" ಒತ್ತಿ. ಆಮೇಲೆ ಬ್ಯಾಂಕಿನದು.